ಮೂವತ್ತೆರಡನೆಯ ಸಹಿ

ನನ್ನ ಅಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಕ್ಕೆ ಹನ್ನೊಂದು ವಾರ ಮೊದಲೇ ತೇರ್ಗಡೆಯಾದವನ ಫಲಕವನ್ನು ತನ್ನ ಬಾಗಿಲ ಪಕ್ಕದ ಗೋಡೆಗೆ ಹೊಡೆಸಿದ. ಹಿತ್ತಾಳೆಯ ಫಲಕ, ಒಂದಡಿ ಉದ್ದ, ಐದಂಗುಲ ಅಗಲ. 'ಪ್ರಮಾಣಿತ ಕಟ್ಟಡ ಹೊದಿಕೆ ಸಮಾಲೋಚಕರು' ಎಂದು ಅದರಲ್ಲಿ ಕೊರೆಸಲಾಗಿತ್ತು. ನಾಲ್ಕು ಪದಗಳಲ್ಲಿ ಮೂರು ನಿಜ. ಮೊದಲನೆಯದು ಸುಳ್ಳು.

ಕಟ್ಟಡದ ಹೊದಿಕೆಯೆಂದರೆ ಗೋಡೆ, ಛಾವಣಿ, ಕಿಟಕಿ, ಬಾಗಿಲು. ಒಳಗಿನದನ್ನು ಒಳಗೂ ಹೊರಗಿನದನ್ನು ಹೊರಗೂ ಇಡುವ ಸಮಸ್ತ. ನೀರು ಎಲ್ಲಿ ನುಗ್ಗುತ್ತದೆ, ಗಾಳಿ ಎಲ್ಲಿ ನುಸುಳುತ್ತದೆ ಎಂದು ಹುಡುಕಿ ವರದಿ ಬರೆಯುವುದು ಈ ವೃತ್ತಿ. ಅಳಿಯ ಹನ್ನೊಂದು ವರ್ಷದಿಂದ ಅಂಥದೊಂದು ಕಚೇರಿಯಲ್ಲಿ ಸಹಾಯಕ. ಹುಡುಕುವವನು ಅವನು, ವರದಿಗೆ ಸಹಿ ಹಾಕುವವನು ಬೇರೆ. ಸಹಿಯ ಅಧಿಕಾರ ಬೇಕಿದ್ದರೆ ವೃತ್ತಿ ಮಂಡಳಿಯ ಪ್ರಮಾಣಪತ್ರ ಬೇಕು. ಎರಡು ಸಲ ಪರೀಕ್ಷೆಗೆ ಕುಳಿತು ಎರಡು ಸಲವೂ ಬಿದ್ದಿದ್ದ. ಮೂರನೆಯ ಸಲ ಬಿದ್ದವರನ್ನು ಮಂಡಳಿ ಏಳು ವರ್ಷ ಹತ್ತಿರ ಸೇರಿಸುವುದಿಲ್ಲ. ಕಚೇರಿ ಅಷ್ಟು ಕಾಯುವುದಿಲ್ಲ. ಪ್ರಮಾಣಪತ್ರವಿಲ್ಲದವರು ವರ್ಷದ ಕೊನೆಗೆ ಉಗ್ರಾಣಕ್ಕೆ ಹೋಗಿ, ಬೆಳಿಗ್ಗೆ ಏಣಿಗಳನ್ನು ಎಣಿಸಿ ಕೊಟ್ಟು ಸಂಜೆ ಎಣಿಸಿ ತೆಗೆದುಕೊಳ್ಳತಕ್ಕದ್ದೆಂದು ಸುತ್ತೋಲೆ ಬಂದಿತ್ತು. ಏಣಿಗಳು ಹದಿನೇಳು. ನಲವತ್ಮೂರು ವರ್ಷದ ಗಂಡಸು ದಿನಕ್ಕೆರಡು ಸಲ ಹದಿನೇಳರವರೆಗೆ ಎಣಿಸಬೇಕು.

"ರೀ, ಇನ್ನೂ ಪಾಸೇ ಆಗಿಲ್ವಲ್ಲ" ಎಂದಳು ನನ್ನ ಮಗಳು, ಫಲಕ ನೋಡಿ.

"ಫಲಕದವನು ಹನ್ನೆರಡು ವಾರ ಬೇಕು ಅಂದಿದ್ದ. ಅಷ್ಟೊತ್ತಿಗೆ ಆಗಿರತ್ತೆ ಅಂತ ಹೇಳಿಟ್ಟೆ. ಒಂದೇ ವಾರಕ್ಕೆ ತಂದು ಕೊಟ್ಬಿಟ್ಟ."

"ಹಾಗಾದ್ರೆ ಬೀರುನಲ್ಲಿ ಇಡಿ."

"ಬೀರುನಲ್ಲಿ ಕಪ್ಪಾಗತ್ತೆ ಕಣೇ. ಹಿತ್ತಾಳೆಗೆ ಗಾಳಿ ಬೇಕು."

ಹಿತ್ತಾಳೆಯ ವಿಷಯದಲ್ಲಿ ಅವನು ಹೇಳಿದ್ದು ತಪ್ಪು. ಆದರೆ ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಾವಿರುವ ಈ ಕಟ್ಟಡದ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಗೋಡೆಗೆ ಮೊಳೆ ಹೊಡೆಯಲು ನನ್ನ ಸಹಿ ಬೇಕು. ಅಳಿಯ ತಂದ ಅರ್ಜಿಯಲ್ಲಿ ಫಲಕದ ಅಳತೆ ಓದಿದೆ, ಸ್ಕ್ರೂಗಳ ಸಂಖ್ಯೆ ಓದಿದೆ, ಸರಿಯಿತ್ತು, ಸಹಿ ಹಾಕಿದೆ. ಮೇಲೆ ಏನು ಬರೆಸುತ್ತಾನೆಂದು ಓದಲಿಲ್ಲ. ಮೂವತ್ತಾರು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವನು ಅಂಕಿಯನ್ನಷ್ಟೇ ಓದಿ ಸುಳ್ಳಿಗೆ ಸಹಿ ಹಾಕಿದ್ದು ಅದೇ ಮೊದಲು.

ಕಟ್ಟಡದಲ್ಲಿ ಮೂರು ಅಂತಸ್ತು, ಒಂಬತ್ತು ಮನೆ, ಮೂವತ್ತೊಂದು ಜನ. ದಿನಕ್ಕೊಬ್ಬರಂತೆ ಮೆಟ್ಟಿಲು ಗುಡಿಸಬೇಕು. ಸರದಿಯ ಪಟ್ಟಿ ನನ್ನದು. ಮೂವತ್ತೊಂದನೆಯದು ಎಂಟು ತಿಂಗಳ ಕೂಸು. ಅದರ ಸರದಿಯ ದಿನ ಅದರ ತಂದೆ ಗುಡಿಸುತ್ತಾನೆ. ಪಟ್ಟಿಯೆಂದರೆ ಪಟ್ಟಿ.

ಫಲಕವನ್ನು ಮೊದಲು ನಂಬಿದವನು ನೆಲಮಹಡಿಯ ದರ್ಜಿ.

"ಸಾಹೇಬ್ರೇ, ನೀವು ಪ್ರಮಾಣಿತರು ಅಂತ ಗೊತ್ತೇ ಇರಲಿಲ್ಲ ನೋಡಿ. ನಮ್ಮ ಅಂಗಡೀಲಿ ಮೆಟ್ಟಿಲ ಕಡೆ ಗೋಡೆಗೆ ಬಟ್ಟೆ ತೂಗುಹಾಕ್ತೀನಿ. ಕಿಟಕಿ ಮುಚ್ಚಿದ್ರೂ ಅಂಗಿ ತೋಳು ಏಳತ್ತೆ, ಇಳಿಯತ್ತೆ. ಏಳತ್ತೆ, ಇಳಿಯತ್ತೆ. ಏನಿದು?"

"ಒತ್ತಡದ ವ್ಯತ್ಯಾಸ" ಎಂದ ಅಳಿಯ.

"ಯಾರಿಗೆ?"

ಅಳಿಯ ಗಡಿಯಾರ ನೋಡಿಕೊಂಡು ಮೇಲೆ ಬಂದುಬಿಟ್ಟ.

ಲಿಖಿತ ಪರೀಕ್ಷೆ ಮುಗಿಯಿತು. ತೇರ್ಗಡೆಗೆ ಎಪ್ಪತ್ತು ಅಂಕ ಬೇಕು. ಅವನಿಗೆ ಎಪ್ಪತ್ತು ಬಂತು. ಮಗಳು ಅದನ್ನು ಯಶಸ್ಸೆಂದಳು. ಉಳಿದದ್ದು ಕ್ಷೇತ್ರಕಾರ್ಯ. ಎಂಟಕ್ಕೆ ಕಡಿಮೆಯಿಲ್ಲದ ಮನೆಗಳಿರುವ ಕಟ್ಟಡವೊಂದನ್ನು ಆರಿಸಿ, ಸೋರಿಕೆಗಳನ್ನು ಹುಡುಕಿ, ಮುಚ್ಚಿಸಿ, ಮಂಡಳಿಯ ವೀಕ್ಷಕರ ಎದುರು ಅಳೆದು ತೋರಿಸಬೇಕು. ಒಂದು ಗಂಟೆಯಲ್ಲಿ ಇಡೀ ಕಟ್ಟಡದ ಗಾಳಿ ಎಷ್ಟು ಸಲ ಬದಲಾಗುತ್ತದೆಂಬುದು ಅಳತೆ. ಅದು ಮೂರನ್ನು ಮೀರಬಾರದು. ಕೊನೆಯಲ್ಲಿ ಪ್ರತಿಯೊಬ್ಬ ನಿವಾಸಿಯೂ ತೃಪ್ತಿಪತ್ರಕ್ಕೆ ಸಹಿ ಹಾಕಬೇಕು. ಬೇರೆ ಯಾವ ಕಟ್ಟಡದವರೂ ಒಪ್ಪದ ಕಾರಣ ಅಳಿಯ ನಮ್ಮದನ್ನೇ ಆರಿಸಿದ.

ಅಳೆಯುವ ಕೆಲಸಕ್ಕೆ ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ಹೊರಗಿನಿಂದ ಕಟ್ಟಡದ ಉದ್ದ ಐವತ್ತನಾಲ್ಕು ಅಡಿ. ಒಳಗಿನ ಕೋಣೆಗಳು, ಮೆಟ್ಟಿಲು, ಗೋಡೆಗಳ ದಪ್ಪ, ಎಲ್ಲ ಕೂಡಿಸಿದರೆ ಐವತ್ತೊಂದೂವರೆ.

"ಮಾವ, ನಿಮ್ಮ ಕೂಡುವಿಕೆ ಎಲ್ಲೋ ತಪ್ಪಿದೆ."

ಈ ಮಾತನ್ನು ನನಗೆ ಹಿಂದೆ ಯಾರೂ ಹೇಳಿರಲಿಲ್ಲ. ಮೇಲಿನಿಂದ ಕೂಡಿದೆ, ಕೆಳಗಿನಿಂದ ಕೂಡಿದೆ, ಮತ್ತೊಮ್ಮೆ ಅಳೆಸಿ ಕೂಡಿದೆ. ಎರಡೂವರೆ ಅಡಿ ಉಳಿಯಿತು. ಮೊದಲನೆಯ ಮಹಡಿಗೂ ಎರಡನೆಯದಕ್ಕೂ ನಡುವೆ ಮೆಟ್ಟಿಲು ತಿರುಗುವಲ್ಲಿ ಒಂದು ಅಗಲವಾದ ಗೋಡೆಯಿದೆ. ಉಳಿದ ಎರಡೂವರೆ ಅಡಿ ಅದರ ಹಿಂದಿರಬೇಕು. ಬೆರಳಿನಿಂದ ತಟ್ಟಿದರೆ ಆ ಗೋಡೆ ಟೊಳ್ಳು ಸದ್ದು ಮಾಡಿತು. ತಟ್ಟುವುದನ್ನು ನಿಲ್ಲಿಸಿದ ಮೇಲೆಯೂ ಒಂದು ಸಲ ಮಾಡಿತು.

ಮರುದಿನ ಮಧ್ಯಾಹ್ನ ಎರಡಕ್ಕೆ ಗಾಳಿಯ ಪರೀಕ್ಷೆ. ಹೊರಬಾಗಿಲಿಗೆ ದಪ್ಪ ಬಟ್ಟೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆಳೆಯುವುದು. ಎಲ್ಲ ಮನೆಗಳ ಕಿಟಕಿ ಮುಚ್ಚಿ ಬಾಗಿಲು ತೆರೆದಿಡಲಾಗಿತ್ತು. ಫ್ಯಾನು ತಿರುಗಿದೊಡನೆ ಕೀಲಿಯ ತೂತುಗಳು ಒಂದೊಂದಾಗಿ ಸಿಳ್ಳೆ ಹಾಕತೊಡಗಿದವು. ಪರದೆಗಳು ಕಿಟಕಿಯಿಂದ ಒಳಕ್ಕೆ ಕೈ ಚಾಚಿದವು. ಎಲ್ಲೋ ಒಂದು ಬಾಗಿಲು ನಿಧಾನವಾಗಿ, ಯಾರನ್ನೋ ಎಬ್ಬಿಸಬಾರದೆಂಬಂತೆ ಮುಚ್ಚಿಕೊಂಡಿತು. ಹೊರಗೆ ಹಾಡುಹಗಲಿನ ಬಿಸಿಲು.

ಅಳಿಯ ಹೊಗೆಕಡ್ಡಿ ಹಿಡಿದು ಬಿರುಕುಗಳ ಬಳಿ ನಡೆದ. ಗಾಳಿ ನುಗ್ಗುವಲ್ಲಿ ಹೊಗೆ ಕೋಣೆಯ ಕಡೆ ಬಾಗುತ್ತದೆ, ಅದು ನಿಯಮ. ಕಿಟಕಿಗಳಲ್ಲಿ ಬಾಗಿತು. ಬಾಗಿಲುಗಳಲ್ಲಿ ಬಾಗಿತು. ಮೆಟ್ಟಿಲ ತಿರುವಿನ ಗೋಡೆಯ ಬುಡದಲ್ಲಿ ಒಂದು ಗೇಣುದ್ದದ ಬಿರುಕಿತ್ತು. ಅಲ್ಲಿ ಹೊಗೆ ನಮ್ಮ ಕಡೆ ಬಾಗಿತು. ನಿಂತಿತು. ಗೋಡೆಯೊಳಗೆ ಹೋಯಿತು. ನಿಂತಿತು. ಮತ್ತೆ ಹೊರಗೆ ಬಂತು.

"ಫ್ಯಾನಿನ ವೇಗ ಹೆಚ್ಚು ಕಡಿಮೆ ಆಗ್ತಿದೆ" ಎಂದ ಅಳಿಯ.

ನಾನು ಕೈಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಹದಿನಾರು.

ಎರಡನೆಯ ಮಹಡಿಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದಾರೆ. ಕಟಕಟೆಯ ಮೇಲಿನಿಂದ ಬಗ್ಗಿ ನೋಡುತ್ತಿದ್ದವರು, "ಎಷ್ಟು ಬಂತು ಮೇಷ್ಟ್ರೇ?" ಎಂದರು.

"ಹದಿನಾರು."

"ಒಳ್ಳೇದು. ದೊಡ್ಡವರಿಗೆ ಹದಿನಾರು ಅಂದ್ರೆ ಆರೋಗ್ಯವಾಗಿದಾರೆ ಅಂತ ಅರ್ಥ."

ಇಷ್ಟಕ್ಕೇ ನಿಂತಿದ್ದರೆ ಕಟ್ಟಡ ಮರೆಯುತ್ತಿತ್ತು. ಅಳಿಯ ನಿಲ್ಲಿಸಲಿಲ್ಲ. ಅವನ ಕಚೇರಿಯಲ್ಲಿ ಶಾಖದ ಚಿತ್ರ ತೆಗೆಯುವ ಕ್ಯಾಮೆರಾ ಒಂದಿದೆ. ತಣ್ಣಗಿನದು ನೀಲಿ, ಬೆಚ್ಚಗಿನದು ಕಿತ್ತಳೆ. ಅದರಿಂದ ಕಟ್ಟಡದ ಎಲ್ಲ ಗೋಡೆಗಳ ಚಿತ್ರ ತೆಗೆದು ಮುದ್ರಿಸಿ ತಂದ. ಮೆಟ್ಟಿಲ ತಿರುವಿನ ನೀಲಿ ಗೋಡೆಯ ನಡುವೆ ಕಿತ್ತಳೆ ಬಣ್ಣದಲ್ಲಿ ಒಂದು ತಲೆ, ಎರಡು ಭುಜ, ಒಂದು ಬೆನ್ನು.

ನರ್ಸಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು. "ಕೂತಿದಾರೆ. ಇದು ಬೆನ್ನು. ಆ ಕಡೆಯಿಂದ ಗೋಡೆಗೆ ಒರಗಿ ಕೂತಿದಾರೆ."

ಗೊತ್ತಿಲ್ಲವೆಂದು ಹೇಳಬೇಕಾದ ಘಳಿಗೆ ಅದು. ಆದರೆ ಪ್ರಮಾಣಿತರಿಗೆ ಗೊತ್ತಿಲ್ಲದಿರುವುದು ಹೇಗೆ? ಅಳಿಯ ಗಂಟಲು ಸರಿಮಾಡಿಕೊಂಡು, "ಇದು ವರದಿಯಲ್ಲಿ ಏಳನೇ ನಂಬರಿನ ದೋಷ" ಎಂದ.

"ದೋಷಕ್ಕೆ ಕಿವಿ ಇರತ್ತೇನಪ್ಪಾ?"

"ಕೆಲವು ಸಲ."

ದರ್ಜಿಯೂ ಬಂದು ಚಿತ್ರ ನೋಡಿದ. ಅವನಿಗೆ ಭಯಕ್ಕಿಂತ ವೃತ್ತಿ ಮುಂದು. "ಭುಜ ಹದಿನೇಳು. ಎಡಗಡೆ ಒಂದಿಂಚು ಇಳಿದಿದೆ. ಇವರಿಗೆ ರೆಡಿಮೇಡ್ ಕೂರಲ್ಲ, ಹೊಲಿಸ್ಕೊಂಡೇ ಹಾಕ್ಬೇಕು."

ಅಂದಿನಿಂದ ಜನ ಮೆಟ್ಟಿಲ ತಿರುವಿನಲ್ಲಿ ಕಟಕಟೆಯ ಕಡೆಗೆ ಸರಿದು ಹತ್ತತೊಡಗಿದರು. ಮಾತಾಡುತ್ತ ಬಂದವರು ಅಲ್ಲಿ ದನಿ ತಗ್ಗಿಸಿ, ಮೂರು ಮೆಟ್ಟಿಲು ದಾಟಿದ ಮೇಲೆ ಮುಂದುವರಿಸುತ್ತಿದ್ದರು. ಕೂಸಿನ ತಾಯಿ ದಿನಕ್ಕೊಮ್ಮೆ ಅಲ್ಲಿ ನಿಂತು, "ಮಗು ಅತ್ರೆ ಬೇಜಾರು ಮಾಡ್ಕೋಬೇಡಿ" ಎಂದು ಗೋಡೆಗೆ ಹೇಳಿ ಹೋಗುವಳು. ನರ್ಸಮ್ಮ ನಗರಸಭೆಗೆ ಪತ್ರ ಬರೆದರು.

ನಗರಸಭೆಯ ಇನ್‌ಸ್ಪೆಕ್ಟರ್ ಹಳೆಯ ನಕ್ಷೆಯ ಸುರುಳಿ ಹಿಡಿದು ಬಂದರು. ಗೋಡೆಯ ಹಿಂದೆ ಇರುವುದು ಮೇಲಿನಿಂದ ಕಸ ಬೀಳಿಸಲು ಕಟ್ಟಿದ್ದ ಕೊಳವೆಯಂತೆ. ಇಪ್ಪತ್ತಾರು ವರ್ಷದ ಹಿಂದೆ ಮೇಲೂ ಕೆಳಗೂ ಇಟ್ಟಿಗೆಯಿಂದ ಮುಚ್ಚಿದ್ದರಂತೆ. ಎರಡೂವರೆ ಅಡಿ ಸಿಕ್ಕಿತು. ನನ್ನ ಕೂಡುವಿಕೆ ಸರಿಯಾಗಿತ್ತು. ಆ ಸಂತೋಷವನ್ನು ಅನುಭವಿಸಲು ಇನ್‌ಸ್ಪೆಕ್ಟರು ಸಮಯ ಕೊಡಲಿಲ್ಲ.

"ಒಳಗಿರೋರು ಸ್ವಂತಕ್ಕಾ, ಬಾಡಿಗೆಗಾ?"

"ಒಳಗೆ ಯಾರೂ ಇಲ್ಲ ಸ್ವಾಮಿ" ಎಂದೆ.

"ನಿಮ್ಮನ್ನ ಕೇಳಲಿಲ್ಲ ಮೇಷ್ಟ್ರೇ. ಇವರು ಪ್ರಮಾಣಿತರು, ಇವರು ಹೇಳಲಿ. ಇದಾರೋ, ಇಲ್ವೋ? ಬರೆದುಕೊಡಿ."

ಅಳಿಯ ಪೆನ್ನು ಹಿಡಿದು ನಿಂತ. ಇದ್ದಾರೆಂದರೆ ಹುಚ್ಚ, ಇಲ್ಲವೆಂದರೆ ವರದಿಯ ಏಳನೆಯ ದೋಷ ಸುಳ್ಳು. ಕೊನೆಗೆ ಬರೆದ: 'ಇಲ್ಲವೆಂದು ಹೇಳಲು ಸಾಕಷ್ಟು ಆಧಾರ ದೊರೆತಿಲ್ಲ.'

ಇನ್‌ಸ್ಪೆಕ್ಟರು ಎರಡು ಸಲ ಓದಿದರು. "ಅಂದ್ರೆ ಇದಾರೆ." ಚೀಲದಿಂದ ನಮೂನೆ ತೆಗೆದು, ಹೆಸರಿನ ಜಾಗದಲ್ಲಿ 'ನಿವಾಸಿ' ಎಂದೂ ವಿಳಾಸದ ಜಾಗದಲ್ಲಿ 'ಮೆಟ್ಟಿಲ ಪಕ್ಕ' ಎಂದೂ ತುಂಬಿದರು. ಅನಧಿಕೃತ ವಾಸ, ಮೂವತ್ತು ದಿನದೊಳಗೆ ಜಾಗ ತೆರವು ಮಾಡತಕ್ಕದ್ದು, ಇಲ್ಲವೇ ಹಾಜರಿರುವುದನ್ನು ಸಂಘದ ಮೂಲಕ ದಾಖಲಿಸತಕ್ಕದ್ದು. ನೋಟೀಸನ್ನು ಗೋಡೆಗೆ ಅಂಟಿಸಿ, ಅಂಗೈಯಿಂದ ಒತ್ತಿದರು. ಒತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಂದದ್ದಕ್ಕಿಂತ ಬೇಗ ಇಳಿದು ಹೋದರು.

ಆ ಕೈ ಒರೆಸುವಿಕೆ ನನಗೆ ಹಿಡಿಸಲಿಲ್ಲ. ಗೋಡೆಗಿಂತ ಮುಂಚೆ ಬುದ್ಧಿಯಲ್ಲಿ ಬಿರುಕು ಬಿಟ್ಟರೆ ಮುಚ್ಚಲು ಮಂಡಳಿಯಿಲ್ಲ. ನಾನು ನೇರವಾಗಿ ದರ್ಜಿಯ ಅಂಗಡಿಗೆ ಹೋಗಿ ಅವನ ಅಳತೆಯ ಪುಸ್ತಕ ತೆರೆಸಿದೆ. ಭುಜ ಹದಿನೇಳು, ಎಡಗಡೆ ಒಂದಿಂಚು ಇಳಿಕೆ: ಹನ್ನೊಂದು ವರ್ಷ ಉಪಕರಣದ ಚೀಲ ಹೊತ್ತ ಭುಜ. ಹೆಸರು, ನನ್ನ ಅಳಿಯನದು.

"ಚಿತ್ರ ತೆಗೆಯೋ ಮುಂಚೆ ಆ ಗೋಡೆ ಹತ್ತಿರ ಏನು ಮಾಡ್ತಿದ್ದೆ?" ಎಂದು ಅವನನ್ನು ಎಲ್ಲರ ಎದುರು ಕೇಳಿದೆ.

"ಕ್ಷೇತ್ರಕಾರ್ಯದ ನಿಯಮ ಓದ್ತಿದ್ದೆ ಮಾವ. ಅಲ್ಲಿ ತಂಪಾಗಿರತ್ತೆ. ಗೋಡೆಗೆ ಒರಗಿ, ಅರ್ಧ ಗಂಟೆ... " ಎಂದವನು ನಿಂತ.

ಅಲ್ಲೇ ಕೂರಿಸಿದೆ. ಅರ್ಧ ಗಂಟೆ ಒರಗಿಸಿದೆ. ಎಬ್ಬಿಸಿ ಚಿತ್ರ ತೆಗೆಸಿದೆ. ಅದೇ ತಲೆ, ಅದೇ ಭುಜ, ಅದೇ ಬೆನ್ನು. ಬಿಟ್ಟುಹೋದ ಮೈಯ ಬಿಸಿ. ತನ್ನ ಬೆನ್ನನ್ನೇ ತಾನು ದೋಷವೆಂದು ವರದಿಯಲ್ಲಿ ಬರೆದಿದ್ದ.

ನಕ್ಕರು. ಮೂರೂ ಅಂತಸ್ತು ನಕ್ಕಿತು. "ಅಯ್ಯೋ ಶಿವನೇ, ಏಳನೇ ನಂಬರಿನ ಅಳಿಯ" ಎಂದು ನರ್ಸಮ್ಮ ಕಣ್ಣೊರೆಸಿಕೊಂಡರು. ದರ್ಜಿ ತನ್ನ ಕೈ ಅಳತೆ ಎಂದೂ ತಪ್ಪುವುದಿಲ್ಲವೆಂದು ಎಲ್ಲರಿಗೂ ಎರಡೆರಡು ಸಲ ಹೇಳಿದ. ಅಳಿಯನೂ ನಕ್ಕ, ಪಾಪ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಚಿತ್ರದಲ್ಲಿದ್ದ ಬಿಸಿ ಆರಿ ಗೋಡೆ ಪೂರ್ತಿ ನೀಲಿಯಾಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದೆ. ನಾಲ್ಕು ನಿಮಿಷ. ಮೊದಲ ದಿನ ಅಳಿಯ ಓದು ಮುಗಿಸಿ, ಮನೆಗೆ ಬಂದು, ನನ್ನೆದುರು ಕುಳಿತು ಇಪ್ಪತ್ತೈದು ನಿಮಿಷ ಚಹಾ ಕುಡಿದು ಆಮೇಲೆ ಚಿತ್ರ ತೆಗೆಯಲು ಹೋಗಿದ್ದ. ಇಪ್ಪತ್ತೈದರಲ್ಲಿ ನಾಲ್ಕು ಕಳೆದರೆ ಇಪ್ಪತ್ತೊಂದು. ಆ ಲೆಕ್ಕವನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಅಳಿಯ ಬಿರುಕುಗಳನ್ನು ಮುಚ್ಚಿಸಿದ. ಕಿಟಕಿಯ ಅಂಚಿಗೆ ರಬ್ಬರು, ಬಾಗಿಲಿನ ಬುಡಕ್ಕೆ ಪಟ್ಟಿ, ಗೋಡೆಗಳಿಗೆ ಮೇಣದಂಥ ಸೀಲೆಂಟು. ಕೊನೆಯದಾಗಿ ಮೆಟ್ಟಿಲ ತಿರುವಿನ ಬಿರುಕನ್ನು ತಾನೇ ಮೊಣಕಾಲೂರಿ ಮುಚ್ಚಿ, ಒದ್ದೆ ಬೆರಳಿನಿಂದ ನಯಮಾಡಿದ.

ಕಟ್ಟಡ ನಿಶ್ಶಬ್ದವಾಯಿತು. ಅಲ್ಲಿಯವರೆಗೆ ಇದ್ದ ಸದ್ದುಗಳು ಯಾವುವೆಂದು ಅವು ನಿಂತ ಮೇಲೆ ತಿಳಿಯಿತು. ದರ್ಜಿಯ ಅಂಗಡಿಯಲ್ಲಿ ಅಂಗಿಯ ತೋಳುಗಳು ನೇರವಾಗಿ ಇಳಿಬಿದ್ದವು. ಅವನು, "ಈಗ ಸತ್ತ ಹಾಗಿವೆ" ಎಂದು ಗೋಡೆಗೆ ಬೆನ್ನು ಹಾಕಿ ಹೊಲಿಯಲು ಕುಳಿತ. ಎರಡನೆಯ ದಿನ ಮೆಟ್ಟಿಲ ತಿರುವಿನ ಗೋಡೆಯ ಮೇಲೆ ಒಂದು ತೇವದ ಗುರುತು ಮೂಡಿತು. ತಟ್ಟೆಯಷ್ಟಗಲ, ದುಂಡಗೆ, ನೆಲದಿಂದ ಎರಡೂಕಾಲು ಅಡಿ. ಕುಳಿತವರ ಬಾಯಿಯ ಎತ್ತರ. ಒರೆಸಿದರೆ ಹೋಗುತ್ತಿತ್ತು, ಎಣಿಸುತ್ತ ನಿಂತರೆ ಬರುತ್ತಿತ್ತು.

"ಒಳಗಿನ ತೇವ ತಣ್ಣಗಿನ ಬಣ್ಣದ ಮೇಲೆ ಕಟ್ಕೊಳ್ಳತ್ತೆ" ಎಂದ ಅಳಿಯ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಅಂದಿನಿಂದ ಅವನು ಅಲ್ಲಿ ಕುಳಿತು ಓದಲಿಲ್ಲ.

ತೃಪ್ತಿಪತ್ರದ ಸಹಿಗಳನ್ನು ಸಂಗ್ರಹಿಸಿದೆವು. ನಿಯಮದಲ್ಲಿ 'ಪ್ರತಿಯೊಬ್ಬ ನಿವಾಸಿ' ಎಂದಿತ್ತು, ವಯಸ್ಸು ಹೇಳಿರಲಿಲ್ಲ. ಕೂಸಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದೆ. ಅದು ಉಳಿದ ಶಾಯಿಯನ್ನು ನನ್ನ ಅಂಗಿಗೆ ಒತ್ತಿತು. ಒಟ್ಟು ಮೂವತ್ತೊಂದು.

ಮಂಡಳಿಯ ವೀಕ್ಷಕಿ ಬಂದದ್ದು ವರ್ಷದ ಕೊನೆಗೆ ಒಂಬತ್ತು ದಿನವಿರುವಾಗ. ಬೂದುಬಣ್ಣದ ಕೋಟು, ಚೂಪು ಪೆನ್ಸಿಲ್ಲು, ನೆಗಡಿ. ಫಲಕದ ಎದುರು ನಿಂತು ಓದಿದರು.

"ಇದು ಯಾವತ್ತು ಹಾಕಿದ್ದು?"

"ಮುಂಗಡ" ಎಂದೆ. ಆಕೆ ನನ್ನನ್ನೊಮ್ಮೆ ನೋಡಿ ಏನನ್ನೋ ಬರೆದುಕೊಂಡರು.

ಫ್ಯಾನು ತಿರುಗಿತು. ಕೀಲಿತೂತುಗಳು ಸುಮ್ಮನಿದ್ದವು. ಅಂಕಿ ಇಳಿದು ನಿಂತಿತು: ಎರಡು ದಶಾಂಶ ಒಂಬತ್ತು ಎಂಟು. ಮಗಳು ಕಣ್ಣು ಮುಚ್ಚಿಕೊಂಡಳು. ವೀಕ್ಷಕಿ ಸಹಿಗಳನ್ನು ಎಣಿಸಿದರು, ಮೆಟ್ಟಿಲ ತಿರುವಿನ ನೋಟೀಸು ಓದಿದರು, ಮತ್ತೆ ಎಣಿಸಿದರು.

"ಒಂದು ಸಹಿ ಕಡಿಮೆ ಇದೆ."

"ಮೇಡಂ, ಇರೋದೇ ಮೂವತ್ತೊಂದು" ಎಂದ ಅಳಿಯ.

"ನಗರಸಭೆ ದಾಖಲೆ ಪ್ರಕಾರ ಮೂವತ್ತೆರಡು. ನೋಟೀಸು ರದ್ದಾಗಿದೆಯಾ?"

ಆಗಿರಲಿಲ್ಲ. ರದ್ದು ಮಾಡಬೇಕೆಂದರೆ ನಿವಾಸಿ ಖುದ್ದಾಗಿ ಅರ್ಜಿ ಕೊಡಬೇಕೆಂದು ಇನ್‌ಸ್ಪೆಕ್ಟರು ನನಗೆ ಹೇಳಿ ಕಳಿಸಿದ್ದರು.

"ಮೇಡಂ, ಅದು ನನ್ನ ಬೆನ್ನು. ಎಲ್ಲರಿಗೂ ಗೊತ್ತು. ದರ್ಜಿ ಪುಸ್ತಕದಲ್ಲೂ ಇದೆ."

"ನಿಮ್ಮ ಬೆನ್ನು ನನಗೆ ಸಂಬಂಧವಿಲ್ಲ ಅರ್ಜಿದಾರರೇ. ದಾಖಲೆ ಸಂಬಂಧ." ಆಕೆ ಮೂಗೊರೆಸಿಕೊಂಡರು. "ಒಂದು ತೃಪ್ತಿಪತ್ರ ಆ ಗೋಡೆ ಹತ್ತಿರ ತೂಗುಹಾಕಿ. ಮೂರು ದಿನ ಇರಲಿ. ಉತ್ತರ ಬರದಿದ್ರೆ 'ಬರಲಿಲ್ಲ' ಅಂತ ಬರೆದುಕೊಳ್ತೀನಿ. ಬಂದ್ರೆ, ಬಂದದ್ದು."

ನಾನೇ ಪತ್ರವನ್ನು ದಾರದಿಂದ ತೂಗುಹಾಕಿದೆ. ಜೊತೆಗೆ ಹೊಸದಾಗಿ ಚೂಪುಮಾಡಿದ ಪೆನ್ಸಿಲ್ಲು, ಅಳೆದಿದ್ದೆ, ಆರಂಗುಲ. ಯಾರೂ ಮುಟ್ಟಕೂಡದೆಂದು ಒಂಬತ್ತು ಮನೆಗೂ ಹೇಳಿದೆ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಪೆನ್ಸಿಲ್ಲಿನ ಮೊನೆ ಮೊಂಡಾಗಿತ್ತು.

ಪತ್ರದಲ್ಲಿ ವಿಳಾಸದ ಜಾಗದಲ್ಲಿ, 'ಮೆಟ್ಟಿಲ ಪಕ್ಕ'. ತೃಪ್ತಿಯೇ ಎಂಬಲ್ಲಿ, 'ಇಲ್ಲ'. ಕಾರಣವೆಂಬಲ್ಲಿ, 'ಮೊದಲು ಸ್ವಲ್ಪ ಗಾಳಿ ಬರುತ್ತಿತ್ತು. ಈಗ ಬರುತ್ತಿಲ್ಲ.' ಕೆಳಗೆ ಒಂದು ಅಡ್ಡಗೆರೆ, ಸಹಿಯ ಬದಲಿಗೆ.

ನನಗೆ ಬಂದದ್ದು ಸಿಟ್ಟು: ಇದು ಯಾರದೋ ಕೀಟಲೆ. ಕೂಸೊಂದನ್ನು ಬಿಟ್ಟು ಮೂವತ್ತೂ ಜನರನ್ನು ಮೆಟ್ಟಿಲುಗಳ ಮೇಲೆ ಕೂರಿಸಿ ಕಾಗದ ಹಂಚಿದೆ.

"ಮೇಷ್ಟ್ರೇ, ನನಗೆ ಅರವತ್ತೆಂಟು" ಎಂದರು ನರ್ಸಮ್ಮ.

"ಬರೀರಿ. ಮೊದಲು ಸ್ವಲ್ಪ ಗಾಳಿ ಬರುತ್ತಿತ್ತು."

"ಒತ್ತಕ್ಷರ ಸ್ವಲ್ಪ ನಿಧಾನ ಹೇಳಿ" ಎಂದ ದರ್ಜಿ.

"ಈಗ... ಬರುತ್ತಿಲ್ಲ."

ಮೂವತ್ತು ಪೆನ್ಸಿಲ್ಲುಗಳು ಒಟ್ಟಿಗೆ ಕರಕರ ಎಂದವು, ಒಟ್ಟಿಗೆ ನಿಂತವು. ಎಲ್ಲರೂ ಏಕೋ ಗೋಡೆಯ ಕಡೆ ನೋಡಿದರು. ನಂತರ ಯಾರೂ ತಮಾಷೆ ಮಾಡಲಿಲ್ಲ. ನಾನೂ ಬರೆದಿದ್ದೆ, ನನ್ನದನ್ನೂ ಸೇರಿಸಿ ಒಂದೊಂದಾಗಿ ಹೋಲಿಸಿದೆ. ಗೋಡೆಯ ಪತ್ರದಲ್ಲಿ ಅಕ್ಷರ ನೆಟ್ಟಗಿತ್ತು, ಪದಗಳ ನಡುವೆ ಸಮನಾದ ಅಂತರವಿತ್ತು, ಗೆರೆ ಹಾಕಿದ ಕಾಗದವಲ್ಲದಿದ್ದರೂ ಸಾಲು ಬಾಗಿರಲಿಲ್ಲ. ಈ ಕಟ್ಟಡದಲ್ಲಿ ಅಂಥ ಶಿಸ್ತು ಯಾರಿಗೂ ಇಲ್ಲ.

ಮನೆಯೊಳಗೆ ಮಗಳು ಬಾಗಿಲು ಮುಚ್ಚಿಕೊಂಡು ಹೇಳಿದಳು: "ರೀ, ಆ ಕಾಗದ ಹರಿದು ಹಾಕಿ. ಉತ್ತರ ಬರಲಿಲ್ಲ ಅಂದ್ಬಿಡಿ. ಎರಡು ತೊಂಬತ್ತೆಂಟು ಬಂದಿದೆ, ಪಾಸಾಗಿದೀರಿ. ಅಪ್ಪ, ನೀವಾದ್ರೂ ಹೇಳಿ."

ಹರಿಯಬಾರದೆನ್ನಲು ಫಲಕಕ್ಕೆ ಸಹಿ ಹಾಕಿದವನಿಗೆ ನಾಲಿಗೆಯಿರಲಿಲ್ಲ.

ಅಳಿಯ ಕಾಗದವನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ನಯಮಾಡಿದ. "ಹನ್ನೊಂದು ವರ್ಷದಲ್ಲಿ ಯಾರೂ ನನಗೇ ಅಂತ ದೂರು ಬರೆದು ಕೊಟ್ಟಿರಲಿಲ್ಲ ಕಣೇ. ಎಲ್ಲ ಆಫೀಸಿಗೆ ಬರೀತಾರೆ. ಮಾವ, ಒಂದೂವರೆ ಇಂಚಿನ ತೂತು ಮಾಡಿದ್ರೆ ಅಳತೆ ಎಷ್ಟು ಏರತ್ತೆ?"

ಲೆಕ್ಕ ಹಾಕಿದೆ. "ಒಂದು ನೂರನೇ ಭಾಗ. ಎರಡು ತೊಂಬತ್ತೊಂಬತ್ತು ಆಗತ್ತೆ. ಆದ್ರೆ ನಿನ್ನ ಯಂತ್ರ ಎರಡು ನೂರನೇ ಭಾಗದಷ್ಟು ಹೆಚ್ಚುಕಮ್ಮಿ ತೋರಿಸತ್ತೆ."

"ಅಂದ್ರೆ ಮೂರು ದಾಟಬಹುದು."

"ದಾಟಬಹುದು. ಏಣಿ ಹದಿನೇಳು."

"ಗೊತ್ತು" ಎಂದು ಎದ್ದು ಹೋಗಿ ಡ್ರಿಲ್ಲು ತಂದ.

ತೇವದ ಗುರುತಿನ ನಡುವಿಗೆ ಕೊರೆದ. ಕೊನೆಯ ಇಟ್ಟಿಗೆ ದಾಟಿದಾಗ ತೂತಿನ ಬಾಯಲ್ಲಿದ್ದ ಕೆಂಪು ಪುಡಿ ಒಳಕ್ಕೆ ಹೋಯಿತು. ಉದ್ದವಾಗಿ, ತುಂಬ ಹೊತ್ತು. ಆಮೇಲೆ ಮೆಲ್ಲಗೆ ಹೊರಕ್ಕೆ ಬಂದು ಅಳಿಯನ ಹಣೆಯ ಮೇಲೆ ಕೂತಿತು. ಫ್ಯಾನು ಆಗ ಬಿಚ್ಚಿಟ್ಟ ಸ್ಥಿತಿಯಲ್ಲಿ ಚೀಲದಲ್ಲಿತ್ತು. ಅವನು ಹಣೆ ಒರೆಸಿಕೊಳ್ಳದೆ ತೂತಿಗೆ ಸಣ್ಣ ಜಾಲರಿ ಕೂರಿಸಿ, "ಇಷ್ಟು ಸಾಕಾ?" ಎಂದು ಕೇಳಿದ. ನನ್ನನ್ನಲ್ಲ.

ವೀಕ್ಷಕಿ ದೂರನ್ನು ಓದಿ ಹುಬ್ಬೇರಿಸಲಿಲ್ಲ. "ಅತೃಪ್ತ ನಿವಾಸಿ ಒಬ್ಬರು. ಪರಿಹಾರ ಮಾಡಲಾಗಿದೆ. ಮರುಪರೀಕ್ಷೆ." ಫ್ಯಾನು ತಿರುಗಿತು. ಅಂಕಿ ಮೂರರ ಮೇಲೆ ನಿಂತು ಹೊಯ್ದಾಡಿತು. ಮೂರು ದಶಾಂಶ ಸೊನ್ನೆ ಒಂದು. ಮೂರು. ಮತ್ತೆ ಮೂರು ದಶಾಂಶ ಸೊನ್ನೆ ಒಂದು. ಮಗಳು ನನ್ನ ತೋಳು ಹಿಡಿದುಕೊಂಡಳು. ಮದುವೆಯಾದ ಮೇಲೆ ಹಾಗೆ ಹಿಡಿದಿರಲಿಲ್ಲ. ಆಗ ಮೆಟ್ಟಿಲ ತಿರುವಿನಿಂದ ಯಾರೋ ಉಸಿರು ಬಿಗಿಹಿಡಿದಂಥ ಒಂದು ನಿಲುಗಡೆ ಕೇಳಿಸಿತು. ಸದ್ದಲ್ಲ, ಸದ್ದು ನಿಂತದ್ದು. ಅಂಕಿ ಎರಡು ದಶಾಂಶ ಒಂಬತ್ತು ಒಂಬತ್ತಕ್ಕೆ ಇಳಿದು, ನಿಯಮದ ಅರವತ್ತು ಸೆಕೆಂಡು ಅಲ್ಲೇ ಕೂತಿತು. ಅರವತ್ತೊಂದನೆಯ ಸೆಕೆಂಡಿಗೆ ಏರಿತು.

"ಬರೆದುಕೊಂಡೆ" ಎಂದರು ವೀಕ್ಷಕಿ. "ಆ ಸಹಿಯೊಂದು ಬರಲಿ."

ಮರುದಿನ ಬಂತು. ತೃಪ್ತಿಯೇ ಎಂಬಲ್ಲಿ, 'ಹೌದು'. ಅಡ್ಡಗೆರೆ.

ಪ್ರಮಾಣಪತ್ರ ವರ್ಷದ ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲು ಕೈಸೇರಿತು. ಅಳಿಯ ಫಲಕವನ್ನು ಬಿಚ್ಚಿ, ಉಜ್ಜಿ, ಹೊಸ ಅರ್ಜಿಯೊಂದಿಗೆ ನನ್ನ ಬಳಿ ತಂದ. ಈ ಸಲ ಅಕ್ಷರಗಳನ್ನು ಓದಿ ಸಹಿ ಹಾಕಿದೆ. ಮೊದಲ ವರದಿಗೆ ಅವನು ಹಾಕಿದ ಸಹಿ ಎರಡು ಸಾಲಿಗೆ ಹರಡಿತಂತೆ.

ನೋಟೀಸಿನ ಮೂವತ್ತು ದಿನ ಮುಗಿದಿದ್ದವು. ಸಂಘದ ಕಾರ್ಯದರ್ಶಿಯಾಗಿ ಉತ್ತರ ಕೊಡಬೇಕಾದವನು ನಾನು. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. 'ಹಾಜರಿದ್ದಾರೆ, ದೂರುಗಳಿಲ್ಲ' ಎಂದು ಬರೆದು ನಗರಸಭೆಗೆ ಕಳಿಸಿದೆ. ಪುಸ್ತಕದಲ್ಲಿ ಮೂವತ್ತೊಂದನ್ನು ಹೊಡೆದುಹಾಕಿ ಮೂವತ್ತೆರಡು ಎಂದು ತಿದ್ದಿದೆ. ಸಂಖ್ಯೆ ತಿದ್ದಿದ ಮೇಲೆ ಸರದಿಯ ಪಟ್ಟಿಯನ್ನೂ ತಿದ್ದಬೇಕು. ಕೂಸಿನ ಕೆಳಗೆ ಇನ್ನೊಂದು ಸಾಲು ಸೇರಿಸಿ, 'ಮೆಟ್ಟಿಲ ಪಕ್ಕ' ಎಂದು ಬರೆದು, ಪಟ್ಟಿಯನ್ನು ಎಂದಿನಂತೆ ಕೆಳಗಿನ ಬಾಗಿಲಿಗೆ ಅಂಟಿಸಿದೆ.

ಮೂವತ್ತೆರಡನೆಯ ದಿನ ಆ ಸರದಿಯನ್ನು ನಾನೇ ಮಾಡುವುದೆಂದು ಬೆಳಿಗ್ಗೆ ಆರಕ್ಕೆ ಪೊರಕೆ ಹಿಡಿದು ಹೊರಬಂದೆ. ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲುಗಳನ್ನು ನೋಡುತ್ತ ಇಳಿದೆ. ನಲವತ್ತೆರಡು ಮೆಟ್ಟಿಲು. ಎಲ್ಲವನ್ನೂ ಆಗಲೇ ಗುಡಿಸಿಯಾಗಿತ್ತು.

ಮೂಲೆಗಳನ್ನೂ ಗುಡಿಸಿಯಾಗಿತ್ತು. ಈ ಕಟ್ಟಡದಲ್ಲಿ ಮೂಲೆ ಗುಡಿಸುವವನು ನಾನೊಬ್ಬನೇ ಎಂದುಕೊಂಡಿದ್ದೆ.